ಎರಡು ಕಿಲೋಮೀಟರ್ ಜಾಸ್ತಿ

ನನಗೆ ಅನುಮಾನ ಜಾಸ್ತಿ ಎಂದು ಹುಣಸಮಾರನಹಳ್ಳಿಯಲ್ಲಿ ಎಲ್ಲರೂ ಹೇಳುತ್ತಾರೆ. ಜಾಸ್ತಿ ಏನಿಲ್ಲ, ಬೇಕಾದಷ್ಟಿದೆ. ಪೆಟ್ರೋಲ್ ಬಂಕಿನವನು ಸೊನ್ನೆ ನೋಡಿ ಎನ್ನುವ ಮೊದಲೇ ಕಾರಿನಿಂದ ಇಳಿದು ಸೊನ್ನೆ ನೋಡುವವನು ನಾನು. ಗ್ಯಾಸ್ ಸಿಲಿಂಡರ್ ತೂಕ ಹಾಕಿಸದೆ ಗೇಟಿನೊಳಗೆ ಬಿಡುವುದಿಲ್ಲ. ನೀರಿನ ಟ್ಯಾಂಕರ್ ಬಂದರೆ, ಖಾಲಿ ಮಾಡಿದೆ ಎಂದು ಡ್ರೈವರ್ ಹೇಳಿದ ಮೇಲೂ ಪೈಪು ಅಲ್ಲಾಡಿಸಿ ನೋಡುತ್ತೇನೆ. ಒಂದೆರಡು ಸಲ ನೀರು ಬಂದಿದೆ ಕೂಡ.

ನನ್ನ ಹೆಸರು ಮುನೀಂದ್ರ, ವಯಸ್ಸು ಐವತ್ತಾರು. ನಮ್ಮಪ್ಪ ದ್ರಾಕ್ಷಿ ಬೆಳೆಯುತ್ತಿದ್ದ ಜಾಗದಲ್ಲಿ ಮೂರು ಅಂತಸ್ತಿನ ಕಟ್ಟಡ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದೇನೆ. ಬಾಡಿಗೆಗೆ ಬಿಟ್ಟವನಿಗೆ ಅನುಮಾನ ಇಲ್ಲದಿದ್ದರೆ ಕಟ್ಟಡ ಉಳಿಯುವುದಿಲ್ಲ. ಹಾಗೆಂದು ಇಷ್ಟು ವರ್ಷ ನನ್ನನ್ನು ನಾನೇ ಮೆಚ್ಚಿಕೊಂಡಿದ್ದೆ. ಈಗ ಹೇಳುತ್ತಿರುವುದು ನಾನು ಮಾಡಿದ ಒಂದು ತಪ್ಪಿನ ಕಥೆ. ಆ ತಪ್ಪನ್ನು ಕೂಡ ಸರಿಯಾಗಿ ಅಳತೆ ತೆಗೆದೇ ಮಾಡಿದೆ.

ಒಂದೂವರೆ ವರ್ಷದ ಹಿಂದೆ ನನ್ನ ಎಡ ಮಂಡಿಗೆ ಆಪರೇಷನ್ ಆಯಿತು. ಆಮೇಲೆ ಕ್ಲಚ್ ಒತ್ತಲು ಆಗದೆ ಕಾರು ಓಡಿಸುವುದು ನಿಂತಿತು. ಅದೇ ಸಮಯಕ್ಕೆ ಗಂಗಾನಗರದಲ್ಲಿರುವ ನಮ್ಮ ಮಗಳು ಚೈತ್ರಳಿಗೆ ಹೆರಿಗೆಯಾಗಿ, ಅವಳು ಕೆಲಸಕ್ಕೆ ಹೋಗುವ ದಿನ ಮಗುವನ್ನು ನೋಡಿಕೊಳ್ಳಲು ಯಾರಾದರೂ ಬೇಕಾಯಿತು. ನನ್ನ ಹೆಂಡತಿ ಪದ್ಮಶ್ರೀ ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಯಲಹಂಕದ ಡ್ರೈವಿಂಗ್ ಸ್ಕೂಲಿಗೆ ಸೇರಿ, ಮೊದಲ ಸಲವೇ ಟೆಸ್ಟ್ ಪಾಸಾಗಿ ಬಂದಳು. ಮೊದಲ ಸಲವೇ ಹೇಗೆ ಪಾಸಾದಳು ಎಂದು ಅದರ ಮೇಲೂ ನನಗೆ ಸ್ವಲ್ಪ ಅನುಮಾನವಿತ್ತು. ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಹೋಗಿ ಸಂಜೆ ಬರುವುದು ರೂಢಿಯಾಯಿತು. ಏರ್‌ಪೋರ್ಟ್ ರಸ್ತೆ ಹಿಡಿದು, ಹೆಬ್ಬಾಳ ದಾಟಿ, ಗಂಗಾನಗರ. ಹೋಗಿ ಬರಲು ಮೂವತ್ತನಾಲ್ಕು ಕಿಲೋಮೀಟರ್.

ಮೂವತ್ತನಾಲ್ಕು ಎಂದು ಇಷ್ಟು ಖಚಿತವಾಗಿ ಹೇಗೆ ಗೊತ್ತು ಎಂದರೆ, ಅವಳು ಹೋಗುವ ಮೊದಲು ಒಂದು ಸಲ, ಬಂದ ಮೇಲೆ ಒಂದು ಸಲ ನಾನು ಕಾರಿನ ಮೀಟರಿನ ಫೋಟೋ ತೆಗೆದುಕೊಳ್ಳುತ್ತಿದ್ದೆ. ಸರ್ವೀಸಿಗೆ ಬೇಕಾಗುತ್ತದೆ ಎಂದು ಅವಳಿಗೆ ಹೇಳಿದ್ದೆ. ನಿಜವಾದ ಕಾರಣ ಅವಳ ತಮ್ಮ ಮುನಿಯಲ್ಲಪ್ಪ.

ಅದನ್ನೂ ಹೇಳಿಬಿಡುತ್ತೇನೆ. ಮೂರು ವರ್ಷದ ಹಿಂದೆ ನಾನು ಮೂರನೆಯ ಅಂತಸ್ತು ಕಟ್ಟಿಸುವಾಗ ಪ್ಲಾನ್ ಮೀರಿ ಕಟ್ಟುತ್ತಿದ್ದಾನೆ ಎಂದು ಯಾರೋ ದೂರು ಕೊಟ್ಟು, ಪುರಸಭೆ ಕಚೇರಿಯವರು ಬಂದು ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಗುರುತು ಹಾಕಿ ಹೋದರು. ಪ್ಲಾನ್ ನೋಡಿದ್ದವನು ಹೊರಗಿನವರಲ್ಲಿ ಮುನಿಯಲ್ಲಪ್ಪ ಒಬ್ಬನೇ. ಅವನನ್ನು ಕೇಳಲಿಲ್ಲ, ಕೇಳುವ ಅಗತ್ಯ ನನಗೆ ಕಾಣಲಿಲ್ಲ. ಕೊಡಿಗೇಹಳ್ಳಿಯ ಅವನ ಮನೆಯ ನೀರು ನಾವು ಮುಟ್ಟುವುದಿಲ್ಲ, ನಮ್ಮ ಮನೆಯ ಹೊಸ್ತಿಲು ಅವರು ತುಳಿಯುವುದಿಲ್ಲ ಎಂದು ತೀರ್ಮಾನ ಮಾಡಿದೆ. ಪದ್ಮಶ್ರೀಯಿಂದ ದೇವರ ಮನೆಯಲ್ಲಿ ಕರ್ಪೂರ ಹಚ್ಚಿಸಿ, ಅದರ ಮೇಲೆ ಕೈಯಿಟ್ಟು ಆರಿಸಿ, ನೀವು ಹೇಳುವವರೆಗೂ ತವರಿಗೆ ಹೋಗುವುದಿಲ್ಲ ಎಂದು ಆಣೆ ಹಾಕಿಸಿದೆ. ನಮ್ಮ ಕಡೆ ಕರ್ಪೂರ ಆರಿಸಿ ಆಡಿದ ಮಾತಿಗೆ ತಪ್ಪುವವರಿಲ್ಲ. ಹೋದ ವರ್ಷ ಅವಳ ಅಮ್ಮ ಮುನಿನಾರಾಯಣಮ್ಮ ಬಚ್ಚಲಿನಲ್ಲಿ ಜಾರಿ ಸೊಂಟ ಮುರಿದುಕೊಂಡಾಗಲೂ ಪದ್ಮಶ್ರೀ ಹೋಗಲಿಲ್ಲ. ಟೆರೇಸಿನ ಮೇಲೆ ಹೋಗಿ, ಬಟ್ಟೆ ಒಣಗಿಸುವ ತಂತಿ ಹಿಡಿದುಕೊಂಡು ಫೋನಿನಲ್ಲಿ ಮಾತಾಡುತ್ತಿದ್ದಳು. ಒಂದು ಸಲವೂ ನನ್ನನ್ನು ಹೋಗಲೇ ಎಂದು ಕೇಳಲಿಲ್ಲ. ಕೇಳಿದ್ದರೆ ಬಹುಶಃ ಹೂಂ ಎನ್ನುತ್ತಿದ್ದೆ. ಕೇಳದೆ ಇದ್ದದ್ದೇ ನನಗೆ ಅನುಮಾನಕ್ಕೆ ದಾರಿ ಮಾಡಿತು. ಅಷ್ಟು ಸುಮ್ಮನೆ ಯಾರಾದರೂ ಹೇಗೆ ಇರುತ್ತಾರೆ?

ಏಪ್ರಿಲ್‌ನಲ್ಲಿ ಕಾರಿನ ಟೈರು ಸವೆದು ಹೋಗಿ ನಾಲ್ಕನ್ನೂ ಬದಲಾಯಿಸಬೇಕಾಯಿತು. ಪದ್ಮಶ್ರೀಯೇ ಓಡಿಸಿಕೊಂಡು ನನ್ನನ್ನು ಆರ್.ಟಿ. ನಗರದ ಒಂದು ಟೈರ್ ಅಂಗಡಿಗೆ ಕರೆದುಕೊಂಡು ಹೋಗಿ ಬಿಟ್ಟು, ತಾನು ನಡೆದುಕೊಂಡು ಚೈತ್ರಳ ಮನೆಗೆ ಹೋದಳು. ಅಂಗಡಿಯಲ್ಲಿ ಕೂತಿದ್ದವಳು ನೂರೀನ್ ಎಂಬ ಹೆಂಗಸು, ಮೂವತ್ತರ ಆಸುಪಾಸು. ಅವಳ ಅಪ್ಪ ಅಲ್ಲಿ ನಲವತ್ತು ವರ್ಷ ಟೈರ್ ಮಾರಿದವರಂತೆ, ಈಗ ಮನೆಯಲ್ಲಿದ್ದಾರಂತೆ. ಅವಳು ಕಾರಿನ ಬಾಗಿಲು ತೆಗೆದು, ಒಳಗಂಚಿನಲ್ಲಿ ಅಂಟಿಸಿದ್ದ ಸ್ಟಿಕರ್ ಓದಿ, ಈ ಕಾರಿಗೆ 185/65, ಹದಿನೈದು ಇಂಚು ಎಂದಳು. ಆ ಅಳತೆಯ ಟೈರನ್ನು ಉರುಳಿಸಿಕೊಂಡು ಬಂದು ನನ್ನ ಮುಂದೆ ನಿಲ್ಲಿಸಿದಳು.

ನಾನು ಮೊದಲೇ ಫೋನಿನಲ್ಲಿ ನಾಲ್ಕು ವೀಡಿಯೊ ನೋಡಿ ತಯಾರಾಗಿ ಹೋಗಿದ್ದೆ. ಟೈರಿನ ಮೈಮೇಲೆ ಒಂದು ಕಡೆ ನಾಲ್ಕು ಅಂಕಿ ಇರುತ್ತದೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ಕನ್ನಡಕ ಹಾಕಿ, ಬಗ್ಗಲಾಗದ ಮಂಡಿಯಲ್ಲೇ ಬಗ್ಗಿ ಹುಡುಕಿದೆ. 2223 ಎಂದಿತ್ತು. ಅಂದರೆ ಸುಮಾರು ಎರಡು ವರ್ಷ ಹಳೆಯದು. ಸಿಕ್ಕಿಬಿದ್ದಳು ಎಂದುಕೊಂಡೆ. ಮುದುಕ ಬಂದಿದ್ದಾನೆ, ಹಳೆ ಮಾಲು ತಳ್ಳೋಣ ಎಂದು ನೋಡಿದ್ದಾಳೆ.

ನೂರೀನ್ ಮುಖದಲ್ಲಿ ಏನೂ ಬದಲಾವಣೆ ಇರಲಿಲ್ಲ. ಬಿಸಿಲಿಗಿಡದೆ ಇಟ್ಟ ಟೈರ್, ಏನೂ ಆಗುವುದಿಲ್ಲ ಎಂದಳು. ಬೇಡವೆಂದರೆ ಯಶವಂತಪುರದ ಗೋಡೌನಿನಿಂದ ಹೊಸದು ತರಿಸುತ್ತೇನೆ, ಎರಡು ದಿನ ಕೊಡಿ ಎಂದಳು. ಎರಡು ದಿನ ಯಾಕೆ? ಅಂಕಿ ಉಜ್ಜಿ ಹಾಕಲು ಎಷ್ಟು ಹೊತ್ತು ಬೇಕು? ನಾನು ಗೋಡೆಯ ಕಡೆ ಜೋಡಿಸಿದ್ದ ಬೇರೆ ಟೈರುಗಳನ್ನು ಒಂದೊಂದಾಗಿ ನೋಡುತ್ತಾ ಹೋದೆ. ಒಂದು ಸಾಲಿನಲ್ಲಿ 0625 ಎಂದು ಸಿಕ್ಕಿತು, ಎರಡು ತಿಂಗಳ ಹಿಂದಿನದು. ಅಳತೆ 185/55, ಹದಿನೈದು ಇಂಚು. ಇದನ್ನು ಹಾಕು ಎಂದೆ.

ಅದು ಈ ಕಾರಿನದಲ್ಲ, ಐವತ್ತೈದು ಎಂದಳು. ನನಗೂ ಓದಲು ಬರುತ್ತದಮ್ಮ ಎಂದೆ. ಅಗಲ ಒಂದೇ, ಒಳಗಿನ ಚಕ್ರ ಒಂದೇ, ಅರವತ್ತೈದಕ್ಕೂ ಐವತ್ತೈದಕ್ಕೂ ಇರುವುದು ಹತ್ತು ಮಿಲಿಮೀಟರ್, ಅಂದರೆ ಉಗುರಿನಷ್ಟು. ಉಗುರಿನಷ್ಟು ವ್ಯತ್ಯಾಸ ತೋರಿಸಿ ಎರಡು ವರ್ಷದ ಹಳೆಯದನ್ನು ನನ್ನ ತಲೆಗೆ ಕಟ್ಟುವುದಕ್ಕೆ ನೋಡುತ್ತಿದ್ದಾಳೆ.

"ಅದು ಮಿಲಿಮೀಟರ್ ಅಲ್ಲ ಅಂಕಲ್" ಎಂದಳು ನೂರೀನ್. "ಟೈರಿನ ಪಕ್ಕೆ ಎತ್ತರ, ಅದರ ಅಗಲದಲ್ಲಿ ನೂರಕ್ಕೆ ಅಷ್ಟು ಪಾಲು. ಎತ್ತರ ಕಮ್ಮಿ ಆದ್ರೆ ಕಾರು ಕೆಳಗೆ ಕೂರುತ್ತೆ, ಇನ್ನೂ ಏನೇನೋ ಆಗುತ್ತೆ."

ಇನ್ನೂ ಏನೇನು ಎಂದು ನಾನು ಕೇಳಬೇಕಿತ್ತು. ಕೇಳುವ ಬದಲು, ಹಾಕುತ್ತೀಯೋ ಬೇರೆ ಅಂಗಡಿಗೆ ಹೋಗಲೋ ಎಂದೆ. ಅವಳು ಬಿಲ್ಲಿನ ಕೆಳಗೆ "ಅಳತೆ ಗ್ರಾಹಕರೇ ಕೇಳಿದ್ದು" ಎಂದು ಬರೆದು ನನ್ನ ಸಹಿ ಕೇಳಿದಳು. ಅದರಲ್ಲೂ ಏನೋ ಕಿತಾಪತಿ ಇದೆ ಎನಿಸಿತು. ಎರಡು ಸಲ ಓದಿ ಸಹಿ ಮಾಡಿದೆ. ಸಂಜೆ ಪದ್ಮಶ್ರೀ ಬಂದಾಗ, ಹೊಸ ಟೈರು, ಈ ವರ್ಷದ್ದು, ನನ್ನನ್ನು ಏಮಾರಿಸಲು ಆಗಲಿಲ್ಲ ಎಂದು ಹೇಳಿದೆ. ಮನೆಯವರೆಗೂ ನನಗೆ ಒಳ್ಳೆಯ ಗೆಲುವು.

ಸೋಮವಾರ ಪದ್ಮಶ್ರೀ ಗಂಗಾನಗರಕ್ಕೆ ಹೋಗಿ ಬಂದಳು. ಎಂದಿನಂತೆ ಫೋಟೋ ತೆಗೆದೆ, ಎಂದಿನಂತೆ ಕಳೆದೆ. ಮೂವತ್ತಾರು ಬಂತು.

ಲೆಕ್ಕ ತಪ್ಪಿತೇನೋ ಎಂದು ಮತ್ತೊಮ್ಮೆ ಕಳೆದೆ. ಮೂವತ್ತಾರೇ. ದಾರಿಯಲ್ಲಿ ಎಲ್ಲಾದರೂ ರೋಡು ಬಂದ್ ಮಾಡಿದ್ದಾರೆಯೇ ಎಂದು ಊಟದ ಹೊತ್ತಿನಲ್ಲಿ ಸಹಜವಾಗಿ ಕೇಳಿದೆ. ಇಲ್ಲ ಎಂದಳು. ಚೈತ್ರಳ ಮನೆಗೆ ಹೋಗುವಾಗ ಬೇರೆ ಎಲ್ಲಾದರೂ ಹೋಗುವುದಿತ್ತೇ? ಇಲ್ಲ. ಬುಧವಾರವೂ ಮೂವತ್ತಾರು. ಶುಕ್ರವಾರ ಮೂವತ್ತಾರು. ಮೂವತ್ತೈದಲ್ಲ, ಮೂವತ್ತೇಳಲ್ಲ, ಪ್ರತಿ ಸಲ ಕರಾರುವಾಕ್ಕಾಗಿ ಎರಡು ಕಿಲೋಮೀಟರ್ ಜಾಸ್ತಿ. ಟ್ರಾಫಿಕ್ಕಿನಲ್ಲಿ ದಾರಿ ತಪ್ಪಿದ್ದರೆ ಒಂದೊಂದು ದಿನ ಒಂದೊಂದು ಥರ ಇರಬೇಕಲ್ಲ.

ಏರ್‌ಪೋರ್ಟ್ ರಸ್ತೆಯ ಕೊಡಿಗೇಹಳ್ಳಿ ಗೇಟಿನಿಂದ ಮುನಿಯಲ್ಲಪ್ಪನ ಮನೆಗೆ ಒಂದು ಕಿಲೋಮೀಟರ್. ಹೋಗಿ ಬರಲು ಎರಡು.

ಅಲ್ಲಿಂದ ಮೇಲೆ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಕೋಪ ಅಂದರೆ ಕೋಪ. ಹೋಗಬೇಕೆಂದರೆ ಹೋಗಲಿ, ಕರ್ಪೂರ ಆರಿಸಿ ಮಾಡಿದ ಆಣೆ ಮುರಿದು, ಮನೆಗೆ ಬಂದು ನನ್ನ ತಟ್ಟೆಗೆ ಮುದ್ದೆ ಇಡುತ್ತಾಳಲ್ಲ, ಅದು. ಮೂವತ್ತು ವರ್ಷ ಜೊತೆಗಿದ್ದವಳು. ಅವಳು ಸುಳ್ಳು ಹೇಳಬಲ್ಲಳು ಎನ್ನುವುದಕ್ಕಿಂತ, ಅಷ್ಟು ಸಲೀಸಾಗಿ ಹೇಳಬಲ್ಲಳು ಎನ್ನುವುದು ನನ್ನನ್ನು ಉರಿಸಿತು.

ಒಮ್ಮೆ ಅನುಮಾನ ಬಂದ ಮೇಲೆ ಎಲ್ಲವೂ ಸಾಕ್ಷಿ ಹೇಳತೊಡಗಿತು. ಅವಳು ಫೋನಿನಲ್ಲಿ ಮಾತಾಡುತ್ತಾ ನಾನು ಬಂದರೆ ದನಿ ತಗ್ಗಿಸುತ್ತಿದ್ದಳು. ಕಾರಿನಲ್ಲಿ ಹಲಸಿನ ಹಣ್ಣಿನ ವಾಸನೆ ಇತ್ತು, ಅವರ ಮನೆಯ ಹಿತ್ತಲಿನಲ್ಲಿ ಹಲಸಿನ ಮರ ಇದೆ. ಎರಡನೆಯ ವಾರ ಅವಳು ತಂದ ಚೀಲದಲ್ಲಿ ನಮ್ಮದಲ್ಲದ ಒಂದು ಸ್ಟೀಲ್ ಡಬ್ಬಿ ಕಂಡಿತು. ಅವಳು ಸ್ನಾನಕ್ಕೆ ಹೋದಾಗ ತಿರುಗಿಸಿ ನೋಡಿದೆ. ಪಾತ್ರೆಗಳ ಮೇಲೆ ಹೆಸರು ಕೊರೆಸುವುದು ನಮ್ಮ ಎಲ್ಲರ ಮನೆಯಲ್ಲೂ ಇರುವ ಅಭ್ಯಾಸ. ಡಬ್ಬಿಯ ತಳದಲ್ಲಿ "ಮುನಿಯಲ್ಲಪ್ಪ, ಕೊಡಿಗೇಹಳ್ಳಿ" ಎಂದು ಚುಕ್ಕೆ ಚುಕ್ಕೆಯಲ್ಲಿ ಬರೆದಿತ್ತು. ಅದರ ಫೋಟೋ ಕೂಡ ತೆಗೆದುಕೊಂಡೆ.

ಈ ನಡುವೆ ಅವಳು ಒಂದು ಮಾತು ಹೇಳಿದಳು. ಕಾರಿನ ತಳ ಪ್ರತಿ ರೋಡ್ ಹಂಪಿಗೂ ಕೆರೆಯುತ್ತದೆ, ಮೊದಲು ಹೀಗಿರಲಿಲ್ಲ, ಆ ಟೈರ್ ಅಂಗಡಿಯವರನ್ನು ಒಂದು ಸಲ ಕೇಳಿ ಎಂದಳು. ಕೊಡಿಗೇಹಳ್ಳಿಯ ಒಳರಸ್ತೆಯಲ್ಲಿ ಹಂಪುಗಳು ಜಾಸ್ತಿ, ಅದಕ್ಕೇ ಕೆರೆಯುತ್ತಿದೆ ಎಂದು ನಾನು ಮನಸ್ಸಿನಲ್ಲಿ ಬರೆದುಕೊಂಡೆ. ನಿಧಾನಕ್ಕೆ ಓಡಿಸು ಎಂದು ಬಾಯಲ್ಲಿ ಹೇಳಿದೆ.

ಮುಂದಿನ ಬುಧವಾರ ಸಂಜೆ ನಾನು ನಮ್ಮೂರಿನ ಚನ್ನುವಿನ ಆಟೋದಲ್ಲಿ ಕೊಡಿಗೇಹಳ್ಳಿ ಗೇಟಿನ ಹತ್ತಿರ ಹೋಗಿ ಕಾದು ಕೂತೆ. ಹೆಬ್ಬಾಳದ ಕಡೆಯಿಂದ ಬರುವವರು ಅಲ್ಲೇ ಎಡಕ್ಕೆ ತಿರುಗಬೇಕು. ಯಾರಿಗೆ ಕಾಯುತ್ತಿದ್ದೇವೆ ಎಂದು ಚನ್ನು ಕೇಳಿದ. ಒಬ್ಬ ಬ್ರೋಕರ್ ಬರಬೇಕು ಎಂದೆ. ಐದೂಮುಕ್ಕಾಲಿಗೆ ನಮ್ಮ ಬಿಳಿ ಕಾರು ಸರ್ವೀಸ್ ರಸ್ತೆಯಲ್ಲಿ ಬಂತು. ತಿರುವಿನ ಹತ್ತಿರ ಸ್ವಲ್ಪ ನಿಧಾನವಾಯಿತು. ಪದ್ಮಶ್ರೀ ಆ ರಸ್ತೆಯ ಕಡೆ ಕತ್ತು ತಿರುಗಿಸಿ ನೋಡಿದಳು. ತಿರುಗಲಿಲ್ಲ. ನೇರ ಹೋದಳು.

ಮನೆಗೆ ಬಂದು ನೋಡಿದರೆ ಮೀಟರಿನಲ್ಲಿ ಮೂವತ್ತಾರು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಮೀಟರನ್ನು ಅನುಮಾನಿಸುತ್ತಿದ್ದರು. ನಾನು, ಇವಳು ಬೆಳಿಗ್ಗೆಯೇ ಹೋಗಿ ಬಂದಿರಬೇಕು ಎಂದುಕೊಂಡೆ. ಶುಕ್ರವಾರ ಬೆಳಿಗ್ಗೆ ಅವಳು ಹೊರಡುವ ಮೊದಲೇ ಹೋಗಿ ಕೂತೆ. ಒಂಬತ್ತರಿಂದ ಹನ್ನೊಂದರವರೆಗೆ ಆ ರಸ್ತೆಗೆ ನಮ್ಮ ಕಾರು ಬರಲಿಲ್ಲ. ಸಂಜೆ ಮೀಟರ್ ಮೂವತ್ತಾರು. ಆಟೋ ಕಂಡಿರಬೇಕು, ಮುನಿಯಲ್ಲಪ್ಪ ಬೇರೆ ಎಲ್ಲೋ ಬಂದು ಭೇಟಿಯಾಗುತ್ತಿರಬೇಕು. ಹೀಗೆ ಅವಳ ಪರವಾಗಿ ಬಂದ ಸಾಕ್ಷಿಯನ್ನೆಲ್ಲ ನಾನು ಅವಳ ವಿರುದ್ಧ ನಿಲ್ಲಿಸಿದೆ.

ಅವತ್ತು ಸಂಜೆ ತಡೆಯಲಾಗಲಿಲ್ಲ. ಅವಳು ಅಡಿಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದಳು. ಫೋನ್ ಅವಳ ಮುಂದೆ ಇಟ್ಟು ಒಂದೊಂದೇ ಫೋಟೋ ಸರಿಸಿದೆ. ಬೆಳಿಗ್ಗೆಯ ಮೀಟರ್, ಸಂಜೆಯ ಮೀಟರ್, ಒಂಬತ್ತು ಟ್ರಿಪ್ಪು, ಕೊನೆಗೆ ಡಬ್ಬಿಯ ತಳ. ಅವಳು ಕೈ ಒರೆಸಿಕೊಂಡು ಎಲ್ಲವನ್ನೂ ನೋಡಿದಳು. ಸರ್ವೀಸಿಗೆ ಅಂದಿರಲ್ಲ, ಇದಕ್ಕಾ ಎಂದು ಮೆಲ್ಲಗೆ ಕೇಳಿದಳು.

"ಎರಡು ಕಿಲೋಮೀಟರ್ ಎಲ್ಲಿಗೆ ಹೋಗ್ತೀಯ, ಅದು ಹೇಳು" ಎಂದೆ.

"ಎಲ್ಲಿಗೂ ಇಲ್ಲ."

"ಮೀಟರ್ ಸುಳ್ಳು ಹೇಳಲ್ಲ ಪದ್ಮಾ."

"ನಾನು ಹೇಳ್ತೀನಿ ಅಲ್ವಾ?"

ಡಬ್ಬಿ ಚೈತ್ರಳ ಮದುವೆಯಲ್ಲಿ ಸೋದರಮಾವ ಕೊಟ್ಟ ಪಾತ್ರೆಗಳಲ್ಲಿ ಒಂದು, ಚೈತ್ರ ಅದರಲ್ಲಿ ಚಕ್ಕುಲಿ ಹಾಕಿ ಕೊಟ್ಟಳು, ಬೇಕಾದರೆ ಫೋನ್ ಮಾಡಿ ಕೇಳಿ ಎಂದಳು. ಮದುವೆಯಲ್ಲಿ ಕೊಡುವ ಪಾತ್ರೆಯ ಮೇಲೆ ಕೊಟ್ಟವರ ಹೆಸರಿರುತ್ತದೆ ಎನ್ನುವುದು ನನಗೆ ಗೊತ್ತಿಲ್ಲದ ವಿಷಯವಲ್ಲ. ಹಲಸು ಗಂಗಾನಗರದ ತಳ್ಳುಗಾಡಿಯದಂತೆ. ನಾನು ಮಾತ್ರ ಮೀಟರನ್ನು ಬಿಡಲಿಲ್ಲ. ಡಬ್ಬಿ ಹೋಗಲಿ, ಹಲಸು ಹೋಗಲಿ, ಎರಡು ಕಿಲೋಮೀಟರ್‌ಗೆ ಏನು ಹೇಳುತ್ತೀಯ ಎಂದೆ. ಅವಳು ಅಳುತ್ತಾಳೆ, ಇಲ್ಲವೇ ಕೂಗಾಡುತ್ತಾಳೆ ಎಂದು ಕಾದೆ. ಎರಡೂ ಮಾಡಲಿಲ್ಲ. ಬಿಡಿಸಿದ ಸೊಪ್ಪನ್ನು ತೊಳೆದು, ಒಲೆಗೆ ಪಾತ್ರೆ ಇಟ್ಟು, ನಾಳೆ ಬೆಳಿಗ್ಗೆ ನೀವೂ ಕಾರಿನಲ್ಲಿ ಬನ್ನಿ ಎಂದಳು. ಆ ರಾತ್ರಿ ಅವಳು ಊಟ ಮಾಡಲಿಲ್ಲ.

ಶನಿವಾರ ಬೆಳಿಗ್ಗೆ ಅವಳು ಟ್ರಿಪ್ ಮೀಟರನ್ನು ನನ್ನ ಕಣ್ಣ ಮುಂದೆಯೇ ಸೊನ್ನೆ ಮಾಡಿದಳು. ನನ್ನ ಫೋನಿನಲ್ಲಿ ಮ್ಯಾಪ್ ಹಾಕಿಸಿದಳು. ಎಲ್ಲೂ ತಿರುಗದೆ, ಎಲ್ಲೂ ನಿಲ್ಲದೆ ಹೋದಳು. ಹಂಪು ಬಂದಲ್ಲೆಲ್ಲ ಕಾರಿನ ತಳ ಗರಗರ ಎಂದಿತು, ಅವಳು ಎಷ್ಟು ನಿಧಾನ ಮಾಡಿದರೂ. ಚೈತ್ರಳ ಮನೆಯ ಗೇಟಿನ ಮುಂದೆ ನಿಂತಾಗ ಮ್ಯಾಪಿನಲ್ಲಿ ಹದಿನೇಳು. ಕಾರಿನ ಮೀಟರಿನಲ್ಲಿ ಹದಿನೆಂಟು.

ನನಗೆ ಕೂಡಲೇ ಏನೂ ಹೊಳೆಯಲಿಲ್ಲ. ಮ್ಯಾಪು ಯಾವಾಗಲೂ ಅಂದಾಜು ತೋರಿಸುತ್ತದೆ ಎಂದೆ. ನನ್ನ ದನಿಯೇ ನನಗೆ ಸರಿ ಕೇಳಿಸಲಿಲ್ಲ. ಪದ್ಮಶ್ರೀ ಕಾರನ್ನು ಆರ್.ಟಿ. ನಗರದ ಕಡೆ ತಿರುಗಿಸಿದಳು. ಟೈರು ಹಾಕಿಸಿದ ಮೇಲೆ ಇದೆಲ್ಲ ಶುರುವಾಯಿತು ಎನ್ನುವುದು ಅವಳಿಗೆ ಒಂದೇ ರಾತ್ರಿಯಲ್ಲಿ ಹೊಳೆದಿತ್ತು. ನನಗೆ ಮೂರು ವಾರದಲ್ಲಿ ಹೊಳೆದಿರಲಿಲ್ಲ.

ನೂರೀನ್ ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದಳು. ಪದ್ಮಶ್ರೀ ವಿಷಯ ಹೇಳಿದಳು. ಮನೆಯ ಜಗಳ ಹೇಳಲಿಲ್ಲ, ಮೀಟರ್ ಎರಡು ಕಿಲೋಮೀಟರ್ ಜಾಸ್ತಿ ತೋರಿಸುತ್ತಿದೆ ಎಂದಷ್ಟೇ ಹೇಳಿದಳು. ನೂರೀನ್ ನಕ್ಕುಬಿಡುತ್ತಾಳೆ ಎಂದು ಹೆದರಿದ್ದೆ. ನಗಲಿಲ್ಲ. ಒಂದು ಅರವತ್ತೈದರ ಟೈರು, ಒಂದು ಐವತ್ತೈದರ ಟೈರು ತಂದು, ಎರಡಕ್ಕೂ ಕೆಳಗಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ನೆಲದ ಮೇಲೆ ಒಂದೇ ಗೆರೆಯಲ್ಲಿ ನಿಲ್ಲಿಸಿದಳು. ಗುರುತು ಮತ್ತೆ ನೆಲ ಮುಟ್ಟುವವರೆಗೆ ಒಂದೊಂದನ್ನು ಒಂದು ಸುತ್ತು ಉರುಳಿಸಿದಳು. ಅರವತ್ತೈದು ಮುಂದೆ ಹೋಗಿ ನಿಂತಿತು. ಐವತ್ತೈದು ಅದಕ್ಕಿಂತ ಅರ್ಧ ಗೇಣು ಹಿಂದೆಯೇ ನಿಂತಿತು.

"ಕಾರು ಚಕ್ರ ಎಷ್ಟು ಸುತ್ತು ಸುತ್ತಿತು ಅಂತ ಎಣಿಸುತ್ತೆ ಅಂಕಲ್, ರೋಡನ್ನ ಅಳೆಯಲ್ಲ" ಎಂದಳು. "ನೀವು ಚಿಕ್ಕ ಟೈರ್ ಹಾಕ್ಸಿದೀರ ಅಂತ ಅದಕ್ಕೆ ಗೊತ್ತಿಲ್ಲ. ಮೂವತ್ತನಾಲ್ಕು ಓಡಿದ್ರೆ ಮೂವತ್ತಾರು ಅನ್ನುತ್ತೆ. ಅವತ್ತು ಅದನ್ನೇ ಹೇಳಕ್ಕೆ ಹೊರಟಿದ್ದೆ."

ಪದ್ಮಶ್ರೀ ನೆಲದ ಮೇಲಿನ ಆ ಎರಡು ಗುರುತುಗಳನ್ನು ತುಂಬ ಹೊತ್ತು ನೋಡಿದಳು. ಆಮೇಲೆ, ಈ ಅಳತೆ ಯಾರು ಹೇಳಿದ್ದು ಎಂದು ಕೇಳಿದಳು. ನೂರೀನ್ ಮೇಜಿನ ಖಾನೆಯಿಂದ ಬಿಲ್ಲಿನ ಪ್ರತಿ ತೆಗೆದುಕೊಟ್ಟಳು. ನನ್ನ ಹೆಂಡತಿ "ಅಳತೆ ಗ್ರಾಹಕರೇ ಕೇಳಿದ್ದು" ಎನ್ನುವ ಸಾಲನ್ನು, ಅದರ ಕೆಳಗಿನ ನನ್ನ ಸಹಿಯನ್ನು ಓದಿ, ವಾಪಸು ಕೊಟ್ಟಳು. ಸರಿಯಾದ ಅಳತೆಯ ಟೈರು ತರಿಸಿಡಿ, ಸೋಮವಾರ ಬರುತ್ತೇನೆ ಎಂದಳು.

ವಾಪಸು ಬರುವಾಗ ನಾನೇ ಬಾಯಿ ಬಿಟ್ಟೆ. ತಪ್ಪಾಯಿತು ಎನ್ನಲು ಹೊರಟು, ಟೈರ್ ಕಂಪನಿಯವರು ಅಂಕಿಗಳನ್ನು ಹೀಗೆ ಗೊಂದಲವಾಗಿ ಯಾಕೆ ಬರೆಯಬೇಕು ಎಂದು ಏನೇನೋ ಹೇಳಿದೆ. ಅವಳು ಕೇಳಿಸಿಕೊಂಡಳೋ ಇಲ್ಲವೋ ತಿಳಿಯಲಿಲ್ಲ. ಹೆಬ್ಬಾಳ ದಾಟಿತು. ಅವಳು ಸರ್ವೀಸ್ ರಸ್ತೆಗೆ ಇಳಿದಳು. ಕೊಡಿಗೇಹಳ್ಳಿ ಗೇಟು ಹತ್ತಿರ ಬಂದಾಗ ಎಡಗಡೆಯ ಇಂಡಿಕೇಟರ್ ಹಾಕಿದಳು.

"ಎಲ್ಲಿಗೆ?" ಎಂದೆ.

"ನಾನು ಎಲ್ಲಿಗೆ ಹೋಗ್ತಿದೀನಿ ಅಂತ ಮೂರು ವಾರದಿಂದ ಅಂದ್ಕೊಂಡಿದೀರೋ, ಅಲ್ಲಿಗೆ."

ಆಣೆಯ ಮಾತು ನನ್ನ ಬಾಯಿಂದ ತಾನಾಗಿ ಬಂತು. ಬಂದ ಮೇಲೆ ಯಾಕಾದರೂ ಬಂತೋ ಎನಿಸಿತು. ಅವಳು ಕಾರು ನಿಲ್ಲಿಸಲಿಲ್ಲ, ನನ್ನ ಕಡೆ ತಿರುಗಲೂ ಇಲ್ಲ.

"ಅಮ್ಮ ಬಿದ್ದಾಗ ಈ ತಿರುವು ಬಂದ್ರೆ ಸ್ಟೇರಿಂಗ್ ಗಟ್ಟಿಯಾಗಿ ಹಿಡ್ಕೊಂಡು ನೇರ ಹೋಗ್ತಿದ್ದೆ ಕಣ್ರೀ. ಕೈ ಎಲ್ಲಿ ತಾನೇ ತಿರುಗಿಬಿಡುತ್ತೋ ಅಂತ. ನೀವು ಅದನ್ನ ನಂಬಲಿಲ್ಲ. ನಂಬದೇ ಇರೋರಿಗೆ ಇಟ್ಟ ಆಣೆನ ನಾನ್ಯಾಕೆ ಕಾಯಲಿ?"

ಆಟೋದಲ್ಲಿ ಕೂತು ನೋಡಿದ್ದು ಆಗ ನೆನಪಾಯಿತು. ತಿರುವಿನಲ್ಲಿ ಅವಳು ಕತ್ತು ತಿರುಗಿಸಿ ನೋಡಿ ನೇರ ಹೋದದ್ದು. ಅದನ್ನು ಕಣ್ಣಾರೆ ಕಂಡವನು ನಾನೊಬ್ಬನೇ, ಕಂಡೂ ನಂಬಲಿಲ್ಲ. ಅವಳನ್ನೇ ಹೀಗೆ ಅಳೆದವನು ಮುನಿಯಲ್ಲಪ್ಪನನ್ನು ಯಾವ ಟೈರು ಹಾಕಿಕೊಂಡು ಅಳೆದೆನೋ ಎಂದು ಮೊದಲ ಸಲ ಹೆದರಿಕೆಯಾಯಿತು.

ಮುನಿಯಲ್ಲಪ್ಪನ ಮನೆಯ ಮುಂದೆ ಅವಳ ಅಮ್ಮ ಬಿಸಿಲಿಗೆ ಕುರ್ಚಿ ಹಾಕಿಕೊಂಡು ಕೂತಿದ್ದರು, ಪಕ್ಕದಲ್ಲಿ ವಾಕರ್. ಮೂರು ವರ್ಷದಲ್ಲಿ ಮುನಿನಾರಾಯಣಮ್ಮ ಅರ್ಧ ಆಗಿಹೋಗಿದ್ದರು. ಪದ್ಮಶ್ರೀ ಎಂಜಿನ್ ಆರಿಸದೆಯೇ ಇಳಿದು ಹೋದಳು. ಮುದುಕಿ ಮೊದಲು ಕಣ್ಣು ಕಿರಿದು ಮಾಡಿ ನೋಡಿದರು, ಆಮೇಲೆ ಎರಡೂ ಕೈ ಚಾಚಿದರು. ಇವಳು ನೆಲದ ಮೇಲೆ ಕೂತು ಅವರ ಮಡಿಲಲ್ಲಿ ಮುಖ ಇಟ್ಟಳು. ಈ ಮೂರು ವರ್ಷದಲ್ಲಿ ನನ್ನ ಮುಂದೆ ಒಂದು ಸಲವೂ ಅಳದವಳು ಅಲ್ಲಿ ಅತ್ತದ್ದು ನನಗೆ ಕಾರಿನೊಳಗೇ ಕೇಳಿಸಿತು. ಕೈ ಚಾಚಿ 'ಕೀ' ತಿರುಗಿಸಿ ಎಂಜಿನ್ ಆರಿಸಿದೆ. ಬೇರೇನು ಮಾಡಬೇಕೋ ಗೊತ್ತಾಗಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ನನ್ನ ಅತ್ತೆ ವಾಕರ್ ಹಿಡಿದು ಎದ್ದರು. ಬೇಡ ಎಂದರೂ ಕೇಳದೆ, ಒಂದೊಂದೇ ಹೆಜ್ಜೆ ಇಡುತ್ತಾ ಕಾರಿನ ಹತ್ತಿರ ಬಂದರು. ಪದ್ಮಶ್ರೀ ಹಿಂದೆಯೇ ಬಂದಳು. ನಾನು ಕಿಟಕಿಯ ಗಾಜು ಇಳಿಸಿದೆ. ಅತ್ತೆ ಕಿಟಕಿಯ ಅಂಚಿನ ಮೇಲೆ ಕೈಯಿಟ್ಟರು.

"ನೀವೇ ಕರ್ಕಂಡ್ ಬಂದ್ರೇನಪ್ಪಾ" ಎಂದರು. "ಫೋನ್ನಾಗೆ ಇವ್ಳಿಗೆ ಏಳ್ತಾನೇ ಇದ್ದೆ, ಅವ್ರ ಕೋಪ ಇಳ್ದ ದಿನ ಅವ್ರೇ ಕರ್ಕಂಡ್ ಬತ್ತಾರೆ ಅಂತ. ನಿಮ್ ಒಟ್ಟೆ ತಣ್ಣಗಿರ್ಲಿ."

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಅವರ ಹಿಂದೆ ನಿಂತಿದ್ದ ಪದ್ಮಶ್ರೀ ಕಣ್ಣು ಒರೆಸಿಕೊಳ್ಳದೆ ನನ್ನನ್ನೇ ನೋಡುತ್ತಿದ್ದಳು. ಅಲ್ಲ ಎಂದು ಅವಳೂ ಹೇಳಲಿಲ್ಲ. ನಾನು ಏನು ಹೇಳುತ್ತೇನೆ ಎಂದು ಕಾಯುತ್ತಿದ್ದಳು. ಮೂರು ವಾರದಿಂದ ನಾನು ಅವಳನ್ನು ನೋಡಿದ್ದ ಹಾಗೆ ಅವಳು ಆಗ ನನ್ನನ್ನು ನೋಡಿದಳು.

"ನಾನು ಕರ್ಕೊಂಡ್ ಬರಲಿಲ್ಲ ಅತ್ತೆ" ಎಂದೆ. "ಬಿಡದೇ ಇದ್ದೋನು ನಾನು. ಇವತ್ತು ಅವಳೇ ಬಂದ್ಲು."

ಮುದುಕಿ ಕಿಟಕಿಯ ಮೇಲಿನ ಕೈ ತೆಗೆಯಲಿಲ್ಲ.

"ಗೊತ್ತು ಕಣಪ್ಪ" ಎಂದರು. "ನಿಮ್ ಮರ್ವಾದೆ ಉಳೀಲಿ ಅಂತ ಅಂಗಂದೆ."

ಐವತ್ತಾರು ವರ್ಷದಲ್ಲಿ ನನಗೆ ಅಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ. ಬಾಗಿಲಿನಲ್ಲಿ ಮುನಿಯಲ್ಲಪ್ಪ ಬಂದು ನಿಂತಿದ್ದ. ಬನ್ನಿ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಪದ್ಮಶ್ರೀ ಅಮ್ಮನ ತೋಳು ಹಿಡಿದು ಮನೆಯ ಕಡೆ ತಿರುಗಿಸಿದಳು. ನಾನು ಸಂಜೆವರೆಗೂ ಇಲ್ಲೇ ಇರ್ತೀನಿ, ಬರೋದಾದ್ರೆ ಬನ್ನಿ ಎಂದಳು. ನಾನು ಬಾಗಿಲು ತೆಗೆದೆನೋ ಇಲ್ಲವೋ ಎಂದು ಅವಳು ಹಿಂದೆ ತಿರುಗಿ ನೋಡಲಿಲ್ಲ.